ಊರಲ್ಲಿ ಯಾರಿಗೂ ಇಲ್ಲದ ಊರಿನ ಹೆಸರು

‘ನಿಮ್ಮ ಅಡ್ಡಹೆಸರೇನ್ರಿ?’

ಗುಡಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಕೇಳಿದರು. ಅಪ್ಪ ಸ್ವಲ್ಪ ಹೆಮ್ಮೆಯಿಂದಲೇ ‘ಬೇಡಕಿಹಾಳ’ ಅಂದರು.

‘ಅದು ಊರ ಹೆಸರಾತಲ್ರಿ. ಇಲ್ಲೆ ಕುಂತಾವ್ರೆಲ್ಲಾ ಬೇಡಕಿಹಾಳದವ್ರ. ನಾ ಕೇಳಿದ್ದು ನಿಮ್ಮ ಮನಿತನದ ಹೆಸರು.’

ಅಪ್ಪ ಸುಮ್ಮನಾದರು. ಅರವತ್ತೆಂಟು ವರ್ಷ ಇದೇ ಹೆಸರಿನಿಂದ ಓದಿ, ನೌಕರಿ ಮಾಡಿ, ಪಿಂಚಣಿ ತಗೊಳ್ಳುತ್ತಿರುವ ಮನುಷ್ಯ. ನಾನೂ ಅಷ್ಟೆ. ಹುಬ್ಬಳ್ಳಿಯ ಶಾಲೆಯ ಹಾಜರಿ ಪುಸ್ತಕದಿಂದ ಬೆಂಗಳೂರಿನ ಆಫೀಸಿನ ಐಡಿ ಕಾರ್ಡ್‌ವರೆಗೆ ನಾನು ‘ಬೇಡಕಿಹಾಳ’. ಆ ಊರಿಗೆ ಬಂದ ಮೊದಲ ದಿನವೇ ಗೊತ್ತಾಯಿತು, ಅಲ್ಲಿ ಆ ಹೆಸರು ನಡೆಯೋದಿಲ್ಲ ಅಂತ.

ಖಾಲಿ ಉಳಿದ ಕಾಲಂ

ನಾವು ಅಲ್ಲಿಗೆ ಹೋದದ್ದು ಮಗಳ ಕಾರಣಕ್ಕೆ. ಅವಳಿಗೀಗ ಹತ್ತು ತಿಂಗಳು. ತೊಟ್ಟಿಲಿಗೆ ಹಾಕಿ ಹೆಸರಿಟ್ಟಾಗಿದೆ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಹೆಸರಿನ ಕಾಲಂ ಇನ್ನೂ ಖಾಲಿ. ಮಗು ಹುಟ್ಟಿದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಆದರೆ ಮುಂದೂಡುತ್ತಾ ಹೋದಷ್ಟೂ ತಲೆನೋವು ಅನ್ನೋದು ನಿಮಗೂ ಗೊತ್ತು.

ತಕರಾರು ಇದ್ದದ್ದು ಹೆಸರಿನ ಬಗ್ಗೆ ಅಲ್ಲ, ಹೆಸರಿನ ಮುಂದೆ ಏನು ಬರಬೇಕು ಅನ್ನೋದರ ಬಗ್ಗೆ. ನನ್ನ ಗಂಡ ಮಂಡ್ಯದ ಕಡೆಯವರು. ಅವರ ಮನೆಯಲ್ಲಿ ಯಾರಿಗೂ ಅಡ್ಡಹೆಸರಿಲ್ಲ, ಇರೋದು ಇನಿಷಿಯಲ್. ಮದುವೆಗೆ ಮುಂಚೆ ಒಮ್ಮೆ ‘ನಿಮ್ಮ ಅಡ್ಡಹೆಸರೇನು?’ ಅಂತ ಕೇಳಿದ್ದಕ್ಕೆ ಅವರು ನಾಚಿಕೊಂಡು, ಕಾಲೇಜಿನಲ್ಲಿ ಗೆಳೆಯರು ಇಟ್ಟಿದ್ದ ತಮಾಷೆಯ ಹೆಸರು ಹೇಳಿದ್ದರು! ಅವರ ಕಡೆ ಅಡ್ಡಹೆಸರು ಅಂದರೆ ಅದೇ. ನಮ್ಮ ಕಡೆ ಅದು ಮನೆತನದ ಹೆಸರು, ಮರಾಠಿಯವರು ಆಡನಾವ ಅಂತಾರಲ್ಲ, ಅದು.

‘ಎರಡು ಇನಿಷಿಯಲ್ ಹಾಕ್ಬಿಟ್ರೆ ಮುಗೀತಲ್ಲವ್ವ’ ಅಂದರು ಅತ್ತೆ. ಆದರೆ ಮುಗಿಯೋದಿಲ್ಲ. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಸರ್‌ನೇಮ್ ಜಾಗಕ್ಕೆ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಅಂದಾಗ ಎಷ್ಟೋ ಜನ ಗಾಬರಿಯಾಗಿದ್ದರು.

‘ಹಾಗಾದ್ರೆ ನಿನ್ನ ಸರ್‌ನೇಮೇ ಹಾಕೋಣ. ಆದ್ರೆ ಅದು ಏನು ಅಂತ ಮಗಳು ನಾಳೆ ಕೇಳಿದ್ರೆ ಹೇಳೋಕೆ ಬರಬೇಕಲ್ವಾ?’ ಅಂದರು ಗಂಡ. ಮಾತು ನಿಜ. ನಾನು ಆ ಊರನ್ನು ನೋಡಿಯೇ ಇರಲಿಲ್ಲ. ಅಪ್ಪನೂ ನೋಡಿರಲಿಲ್ಲ. ಅಜ್ಜ ನೌಕರಿ ಹುಡುಕಿಕೊಂಡು ಹುಬ್ಬಳ್ಳಿಗೆ ಬಂದವರು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಹಿಡಿದವರು. ಅಪ್ಪನಿಗೆ ಏಳು ವರ್ಷವಿದ್ದಾಗಲೇ ಅವರು ತೀರಿಕೊಂಡರು. ಊರಿನ ನಂಟು ಅಲ್ಲಿಗೇ ಕಡಿಯಿತು, ಹೆಸರೊಂದು ಉಳಿಯಿತು.

ಕಸುಬು, ಅಧಿಕಾರ, ಉಳ್ಳಾಗಡ್ಡಿ

ಬೆಳಗಾವಿ ಜಿಲ್ಲೆಯ ಅಡ್ಡಹೆಸರುಗಳನ್ನು ಒಮ್ಮೆ ಹರಡಿಕೊಂಡು ಕೂತರೆ ಹಳೆಯ ಹಳ್ಳಿಯೊಂದು ಕಣ್ಣಮುಂದೆ ಬರುತ್ತದೆ. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ಚೌಗುಲೆ, ಇನಾಮದಾರ ಇವೆಲ್ಲ ಅಧಿಕಾರದ, ವತನದ ಹೆಸರುಗಳು. ಕುಲಕರ್ಣಿಗಳ ವತನ 1950ರ ಮುಂಬಯಿ ಪ್ರಾಂತದ ಕಾಯ್ದೆಯಿಂದ ಹೋಯಿತು. ಆಗ ಈ ಭಾಗ ಮುಂಬಯಿಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಉಳಿದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯ್ದೆಯಿಂದ ರದ್ದಾದವು. ಲೆಕ್ಕ ಬರೆಯುವ ಕೆಲಸ ಹೋಗಿ ಎರಡು ತಲೆಮಾರಾದರೂ ಕುಲಕರ್ಣಿ ಕುಲಕರ್ಣಿಯೇ.

ಬಡಿಗೇರ, ಕಂಬಾರ, ಪತ್ತಾರ, ಕುಂಬಾರ, ಹೂಗಾರ ಇವು ಕಸುಬಿನವು. ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಸರ್‌ನೇಮ್ ಸ್ಮಿತ್. ಹಾಗಂದರೂ ಕಮ್ಮಾರನೇ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಅಲ್ಲಿ ಹುಟ್ಟಿದ್ದರೆ ಮಿಸ್ಟರ್ ಸ್ಮಿತ್ ಆಗಿರುತ್ತಿದ್ದರೋ ಏನೋ! ಸದಲಗಾದಲ್ಲಿ 1906ರಲ್ಲಿ ಹುಟ್ಟಿ, ಪ್ರಾಕೃತ ಗ್ರಂಥಗಳ ಸಂಪಾದನೆಯಿಂದ ಹೆಸರಾದ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಆ.ನೇ. ಉಪಾಧ್ಯೆ ಅವರ ಅಡ್ಡಹೆಸರಿನಲ್ಲಿ ಜೈನ ಬಸದಿಯ ಪೌರೋಹಿತ್ಯವಿದೆ.

ಇನ್ನು ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಸಕ್ಕರಿ, ಬೆಲ್ಲದ. ಬೆಂಗಳೂರಿನ ಸಹೋದ್ಯೋಗಿಗಳು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ನಮ್ಮ ಕಡೆಯವರಿಗೆ ಅದು ಊಟದಷ್ಟೇ ಸಹಜ.

ಇವೆಲ್ಲ ಊರೊಳಗೇ ಹುಟ್ಟಿದ ಹೆಸರುಗಳು. ಒಂದೇ ಊರಲ್ಲಿ ನಾಲ್ಕು ಮಂದಿ ಬಸಪ್ಪ ಇದ್ದರೆ ಯಾವ ಬಸಪ್ಪ ಅಂತ ಗುರುತಿಸಲು ಬೇಕಾದವು. ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರ ಕಥೆ ಬೇರೆ. ಬೇಡಕಿಹಾಳದಲ್ಲಿ ಕೂತು ‘ಬೇಡಕಿಹಾಳದ ಬಸಪ್ಪ’ ಅಂದರೆ ಗುರುತು ಸಿಗುತ್ತದೆಯೇ? ಇಲ್ಲ. ಆ ಹೆಸರಿಗೆ ಬೆಲೆ ಬರೋದು ಊರು ಬಿಟ್ಟ ಮೇಲೆ. ಕೊಡೋದೂ ಊರಿನವರಲ್ಲ, ಹೊಸ ಊರಿನವರು. ‘ಯಾರವನು?’ ‘ಅವನೇ, ಬೇಡಕಿಹಾಳದಿಂದ ಬಂದಾನಲ್ಲ, ಅವನು.’ ಅಷ್ಟು ಸಾಕು, ಮುಂದಿನ ತಲೆಮಾರಿಗೆ ಅದು ದಾಖಲೆಯಲ್ಲಿ ಕೂತಿರುತ್ತದೆ.

ಹೀಗಾಗಿ ಊರಿನ ಹೆಸರಿನ ಅಡ್ಡಹೆಸರು ಅಂದರೆ, ಯಾರೋ ಒಬ್ಬರು ಎಂದೋ ಊರು ಬಿಟ್ಟದ್ದಕ್ಕೆ ಉಳಿದ ರಸೀದಿ.

ಹೆಸರು ಹೋದ ದಾರಿ

ಉದಾಹರಣೆ ಬೇಕಾದಷ್ಟಿವೆ. ‘ಕನ್ನಡ ನಾಮವಿಜ್ಞಾನ’ ಅಂತ ಹೆಸರುಗಳ ಬಗ್ಗೆಯೇ ಪುಸ್ತಕ ಬರೆದ ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಕಲಬುರಗಿಯಲ್ಲಲ್ಲ, ವಿಜಯಪುರ ಜಿಲ್ಲೆಯ ಗುಬ್ಬೇವಾಡದಲ್ಲಿ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ‘ಆನಂದಕಂದ’ರು ನಾಡಿಗೆಲ್ಲ ಬೆಟಗೇರಿ ಕೃಷ್ಣಶರ್ಮ ಆದರು. ಧಾರವಾಡದ ಪಕ್ಕದ ಮನ್ಸೂರ ಎಂಬ ಹಳ್ಳಿಯನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿದ್ದು ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ.

ಗಡಿ ದಾಟಿದರೆ ಹೆಸರಿಗೊಂದು ಬಾಲ ಬರುತ್ತದೆ. ಭೀಮಸೇನ ಜೋಶಿಯವರ ಗುರು ಸವಾಯಿ ಗಂಧರ್ವರ ಮೂಲ ಹೆಸರು ರಾಮಭಾವು ಕುಂದಗೋಳಕರ. ಕನ್ನಡದ ಕುಂದಗೋಳಕ್ಕೆ ಮರಾಠಿಯ ‘ಕರ’ ಸೇರಿತು. ನಮ್ಮ ಹೆಸರಿಗೂ ಹೀಗೇ. ಬೇಡಕಿಹಾಳ, ಬೇಡಕಿಹಾಳೆ ಅಂತ ಬರೆದುಕೊಳ್ಳುವವರು ಗಡಿಯ ಎರಡೂ ಕಡೆ ಇದ್ದಾರೆ. ಸಾತಾರಾದ ಮರಾಠಿ ಲೇಖಕ, ಸಮಾಜವಾದಿ ಚಿಂತಕ ಕಿಶೋರ ಬೇಡಕಿಹಾಳ ಅವರ ಹೆಸರನ್ನು ಮೊದಲ ಸಲ ನೋಡಿದಾಗ ನಾನು ಫೋನ್ ಸ್ಕ್ರೀನನ್ನು ಅಪ್ಪನ ಮುಂದೆ ಹಿಡಿದು ಕುಣಿದಿದ್ದೆ. ನಂಟರೇನಲ್ಲ, ಹೆಸರಷ್ಟೇ ಒಂದು. ಆದರೂ ಖುಷಿ.

ಕೆಲವು ಹೆಸರು ಒಂದು ಸುತ್ತು ಹೊಡೆದು ಮತ್ತೆ ಊರಾಗುತ್ತವೆ. ಕೊಂಕಣದ ಕಿರ್ಲೋಸದವರು ಕಿರ್ಲೋಸ್ಕರ ಆದರು. ಆ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಶುರುವಾದ ಅವರ ಉದ್ಯಮ 1910ರಲ್ಲಿ ಔಂಧ ಸಂಸ್ಥಾನದ ಬಯಲಿಗೆ ಹೋದಾಗ ಅಲ್ಲಿ ಎದ್ದು ನಿಂತದ್ದು ಕಿರ್ಲೋಸ್ಕರವಾಡಿ. ಊರಿನಿಂದ ಹೆಸರು, ಹೆಸರಿನಿಂದ ಊರು.

ಇಂಗ್ಲಿಷಿನವರಲ್ಲೂ ಇದೇ ಆಟ. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಅಲ್ಲಿ ಮನೆತನದ ಹೆಸರುಗಳು ನಿಧಾನಕ್ಕೆ ಬೇರುಬಿಟ್ಟವು. 12ನೇ ಶತಮಾನದಲ್ಲಿ ಹರ್ಟ್‌ಬರ್ನ್‌ನ ವಿಲಿಯಂ ಎಂಬವನು ಉತ್ತರ ಇಂಗ್ಲೆಂಡಿನ ವಾಷಿಂಗ್ಟನ್ ಎಂಬ ಹಳ್ಳಿಯ ಒಡೆತನ ಪಡೆದು, ತನ್ನ ಹೆಸರಿಗೂ ಅದನ್ನೇ ಅಂಟಿಸಿಕೊಂಡ. ಅವನ ವಂಶದವರೊಬ್ಬರು 17ನೇ ಶತಮಾನದಲ್ಲಿ ಹಡಗು ಹತ್ತಿ ವರ್ಜೀನಿಯಾಕ್ಕೆ ಹೋದರು. ಅವರ ಮರಿಮಗ ಜಾರ್ಜ್ ವಾಷಿಂಗ್ಟನ್. ಮುಂದೆ ಅಮೆರಿಕದ ರಾಜಧಾನಿಗೇ ಆ ಹಳ್ಳಿಯ ಹೆಸರು ಬಂತು.

ನಮ್ಮ ದಕ್ಷಿಣದವರೂ ಊರನ್ನು ಬಿಟ್ಟಿಲ್ಲ, ಮಡಚಿ ಒಂದಕ್ಷರ ಮಾಡಿಕೊಂಡಿದ್ದಾರೆ. ಎಚ್.ಡಿ. ದೇವೇಗೌಡರ ‘ಎಚ್’ ಅಂದರೆ ಹರದನಹಳ್ಳಿ, ‘ಡಿ’ ಅಂದರೆ ತಂದೆ ದೊಡ್ಡೇಗೌಡರು. ಮಗ ಎಚ್.ಡಿ. ಕುಮಾರಸ್ವಾಮಿಯವರಲ್ಲಿ ‘ಡಿ’ ಅಂದರೆ ದೇವೇಗೌಡರು. ಅಪ್ಪನ ಅಕ್ಷರ ತಲೆಮಾರಿಗೊಮ್ಮೆ ಅರ್ಥ ಬದಲಿಸುತ್ತದೆ, ಊರಿನ ಅಕ್ಷರ ಹಾಗೇ ಇರುತ್ತದೆ. ಇದನ್ನು ಹೇಳಿದಾಗ ನನ್ನ ಗಂಡ ತಮ್ಮ ಮೊದಲ ಇನಿಷಿಯಲ್ ಏನು ಅಂತ ಮಾವನಿಗೆ ಫೋನ್ ಮಾಡಿ ಕೇಳಿದರು. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ!

ಮರೆಯೂ ಹೌದು

ಅಡ್ಡಹೆಸರು ಕೇಳುವವರೆಲ್ಲ ಗುರುತಿಗಾಗಿಯೇ ಕೇಳುವುದಿಲ್ಲ. ಬಾಡಿಗೆ ಮನೆ ಹುಡುಕಿದವರಿಗೆ ಇದು ಗೊತ್ತು. ಬಾಂಧವ್ಯಕ್ಕೆ ಕೇಳಿದಂತೆ ಕೇಳಿ, ಕಸುಬು ಯಾವುದು, ಜಾತಿ ಯಾವುದು ಅಂತ ಅಳೆಯುತ್ತಾರೆ. ಅಂಥ ಕಡೆ ಊರಿನ ಹೆಸರು ಒಂದು ಮರೆಯೂ ಆಗುತ್ತದೆ. ಅದನ್ನು ಕೇಳಿ ಯಾರೂ ಏನೂ ಲೆಕ್ಕ ಹಾಕಲಾರರು.

1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ ಡಾ. ಬಿ.ಆರ್. ಅಂಬೇಡ್ಕರ್ ಅವರ ತಂದೆ ರಾಮಜಿ ಸಕಪಾಳ. ‘ಸಕಪಾಳ’ ಹೋಗಿ ಬಂದ ಹೆಸರಿನ ಹಿಂದೆ ಇರುವುದು ರತ್ನಾಗಿರಿ ಜಿಲ್ಲೆಯ ಅಂಬಡವೆ ಎಂಬ ಅವರ ಮೂಲ ಹಳ್ಳಿ.

ನಮ್ಮ ಅಜ್ಜ ಯಾಕೆ ಹೆಸರು ಬದಲಿಸಿದರು? ಮರೆಗಾಗಿಯೋ, ಹಾಜರಿ ಬರೆಯುವವರ ಅನುಕೂಲಕ್ಕೋ? ಇದೇ ಪ್ರಶ್ನೆ ಹೊತ್ತು, ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು, ಎರಡೂ ಕಡೆ ಕಬ್ಬು ನಿಂತ ದಾರಿಯಲ್ಲಿ ನಾವು ಆ ಕಟ್ಟೆಯ ಮುಂದೆ ಬಂದು ನಿಂತದ್ದು.

‘ಹುಬ್ಬಳ್ಳಿಯವ್ರು ಬಂದಾರ’

‘ಹೋಗ್ಲಿ ಬಿಡ್ರಿ. ನಿಮ್ಮ ಮನಿದೇವ್ರು ಯಾವ್ದು? ಅಣ್ತಮ್ಮಕಿ ಯಾರದು? ಮುತ್ಯಾನ ಹೆಸರಾದ್ರೂ ಗೊತ್ತೈತೇನು?’ ಹಿರಿಯರು ಬಿಡಲಿಲ್ಲ.

ಅಪ್ಪ ಅಜ್ಜನ ಹೆಸರು ಹೇಳಿದರು. ಅಜ್ಜನ ಅಪ್ಪನ ಹೆಸರೂ ಹೇಳಿದರು. ಹಿರಿಯರು ಕಣ್ಣು ಕಿರಿದು ಮಾಡಿ, ಪಕ್ಕದಲ್ಲಿ ಕೂತವರ ಜೊತೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಏನೋ ಮಾತಾಡಿದರು. ಆಮೇಲೆ ಒಮ್ಮೆಲೇ ಮುಖ ಅರಳಿತು.

‘ಅಯ್ಯ! ಕುಂಬಾರ ಮನೀದವ್ರು ನೀವು. ನಿಮ್ಮ ಅಪ್ಪಾರು ರೇಲ್ವೇಕ ಹ್ವಾದಾವ್ರು. ನಿಮ್ಮನ್ನ ಇಲ್ಲೆ ಏನಂತಾರ ಗೊತ್ತೈತೇನು? ಹುಬ್ಬಳ್ಳಿಯವ್ರು!’

ಒಂದು ಹುಡುಗನನ್ನು ಕರೆದು, ‘ಕುಂಬಾರ ಓಣಿಗೆ ಹೋಗಿ ಹೇಳಪಾ, ಹುಬ್ಬಳ್ಳಿಯವ್ರು ಬಂದಾರಂತ’ ಅಂದರು. ಅಪ್ಪ ಕಟ್ಟೆಯ ಮೇಲೆ ಕೂತುಬಿಟ್ಟರು. ಹುಬ್ಬಳ್ಳಿಯಲ್ಲಿ ನಾವು ಬೇಡಕಿಹಾಳದವರು. ಬೇಡಕಿಹಾಳದಲ್ಲಿ ಹುಬ್ಬಳ್ಳಿಯವರು. ಎರಡೂ ಊರು ನಮ್ಮನ್ನು ಇನ್ನೊಂದಕ್ಕೆ ಬರೆದುಕೊಟ್ಟಿದ್ದವು.

ಓಣಿಯ ಮನೆಯಲ್ಲಿ ಚಹಾ ಕುಡಿಯುವಾಗ ಅಪ್ಪನ ವಾರಿಗೆಯ ಒಬ್ಬರು, ಅವರ ಅಪ್ಪ ಹೇಳುತ್ತಿದ್ದ ಮಾತು ಹೇಳಿದರು. ಅಜ್ಜ ಕೆಲಸಕ್ಕೆ ಸೇರಿದ ಕಡೆ ಅದೇ ಹೆಸರಿನ ಇನ್ನೊಬ್ಬ ಕುಂಬಾರರು ಮೊದಲೇ ಇದ್ದರಂತೆ. ಪಗಾರ ಅದಲುಬದಲಾಗಬಾರದು ಅಂತ ಅಜ್ಜನ ಮುಂದೆ ಊರಿನ ಹೆಸರು ಬರೆದರಂತೆ. ಇಷ್ಟೇ. ಆ ಸಂಜೆ ಅಪ್ಪ ತಮ್ಮ ಅಪ್ಪನ ಬಗ್ಗೆ ನನಗೆ ಹೇಳಿದಷ್ಟು ಮಾತು, ನನ್ನ ಇಡೀ ಬಾಲ್ಯದಲ್ಲಿ ಹೇಳಿರಲಿಲ್ಲ.

ಬೆಂಗಳೂರಿಗೆ ಮರಳಿ ಮಗಳ ಕಾಲಂ ತುಂಬಿದೆವು. ಅವಳ ಹೆಸರು, ಆಮೇಲೆ ಗಂಡನ ಹೆಸರು, ಕೊನೆಗೆ ಬೇಡಕಿಹಾಳ. ‘ನಮ್ಮೂರಿನ ಹೆಸರೂ ಇರಲಿ ಅನ್ನಿಸ್ತಿದೆ, ಆದ್ರೆ ಜಾಗ ಇಲ್ಲ’ ಅಂತ ಗಂಡ ನಕ್ಕರು. ಅತ್ತೆ ಎರಡು ದಿನ ಮುನಿಸಿಕೊಂಡು, ಮೂರನೇ ದಿನ ಆ ಹೆಸರನ್ನು ತಪ್ಪಿಲ್ಲದೆ ಹೇಳೋದನ್ನು ಕಲಿತರು. ಇಂಗ್ಲಿಷಿನಲ್ಲಿ ‘ಡ’ ಆದ ಮೇಲೆ ‘ಎ’ ಹಾಕಬೇಕೋ ಬೇಡವೋ ಅಂತ ಮಾತ್ರ ಅಪ್ಪನ ಹಳೆಯ ದಾಖಲೆ ನೋಡಿಯೇ ಬರೆದೆವು. ನೀವೂ ಹಾಗೇ ಮಾಡಿ, ಒಂದಕ್ಷರ ವ್ಯತ್ಯಾಸವಾದರೂ ಮುಂದೆ ಅಫಿಡವಿಟ್ ಮಾಡಿಸುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಹೆಸರಿನ ಮುಂದೆ ಒಂದು ಊರಿದ್ದರೆ, ಇನಿಷಿಯಲ್ಲಿನ ಒಂದಕ್ಷರವಾದರೂ ಸರಿ, ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿಕೊಳ್ಳಿ. ಆ ಊರು ಬಿಟ್ಟವರು ಯಾರು? ಯಾಕೆ ಬಿಟ್ಟರು? ಅಲ್ಲಿ ಇನ್ನೂ ಯಾರಿದ್ದಾರೆ? ನಮಗೆ ಹೇಳಲು ಕಟ್ಟೆಯ ಮೇಲೆ ಒಬ್ಬರು ಉಳಿದಿದ್ದರು. ಸ್ವಲ್ಪ ತಡವಾಗಿದ್ದರೆ ಅವರೂ ಇರುತ್ತಿದ್ದರೋ ಇಲ್ಲವೋ.