ಸಸಾರಜನಕದ ಮಡಿಕೆ

ಮೊಟ್ಟೆಯನ್ನು ಬೇಯಿಸಿದರೆ ಅದರ ತಿಳಿಲೋಳೆಯು ಬೆಳ್ಳಗೆ ಗಟ್ಟಿಯಾಗುವುದಷ್ಟೆ. ಕಾವಿಗೆ ಅದರೊಳಗಿನ ಸಸಾರಜನಕಗಳ ಮಡಿಕೆ ಬಿಚ್ಚಿ, ಒಂದಕ್ಕೊಂದು ತೊಡರಿಕೊಳ್ಳುವುದೇ ಇದಕ್ಕೆ ಕಾರಣ. ಮಡಿಕೆ ಕೆಟ್ಟ ಸಸಾರಜನಕಗಳು ಮನುಷ್ಯನ ಮಿದುಳಿನಲ್ಲಿ ಗಂಟುಗಟ್ಟುವುದೂ ಉಂಟು. ಮುಪ್ಪಿನಲ್ಲಿ ಮನೆಮಂದಿಯನ್ನೇ ಮರೆಯಿಸುವ ಆಲ್ಜೈಮರ್ ರೋಗದಲ್ಲಿ ಕಾಣುವುದು ಇದೇ.

1963ರಲ್ಲಿ ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ನರು ಸಂಗಡಿಗರೊಡನೆ, ಸಸಾರಜನಕವೆಂಬ ಸರಪಣಿಯು ಯಾವ ಕೋನಗಳಲ್ಲಿ ತಿರುಗಬಲ್ಲುದೆಂಬುದನ್ನು ನಕ್ಷೆಯಾಗಿ ತೋರಿಸಿದರು. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಮೈಸೂರಿನ ಹೆಬ್ಬಾಳದಲ್ಲಿ ತರುಣರು ಕಲಿಯುವ ಗಣಕವಿದ್ಯೆಗೆ ಇಲ್ಲಿಯೂ ಕೆಲಸವುಂಟು. ಯಂತ್ರವು ಪರಮಾಣುಗಳ ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕಹಾಕುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಮುಗಿಯುವ ಮಡಿಕೆಗೆ ಲಕ್ಷಕೋಟಿಯಷ್ಟು ಹೆಜ್ಜೆಗಳು! ಮದ್ದು ಯಾವ ಸಂದಿನಲ್ಲಿ ಕೂರಬಹುದೆಂಬುದು ಅದರಿಂದ ತಿಳಿದೀತು. ರೋಗಿಗೆ ಹಿಡಿಯುವುದೇ ಎಂಬುದನ್ನು ಪ್ರಯೋಗಾಲಯವೂ ಆಸ್ಪತ್ರೆಯೂ ಹೇಳಬೇಕು.