ಡ್ಯೂಕ್ ಪಟ್ಟ ಏರಿದವರು

ಇಂಗ್ಲೆಂಡಿನ ಮೊದಲ ಡ್ಯೂಕ್ ಏಳು ವರ್ಷ ತುಂಬದ ಹುಡುಗ. 1337ರಲ್ಲಿ ಮೂರನೇ ಎಡ್ವರ್ಡ್ ದೊರೆ ತನ್ನ ಹಿರಿಮಗನಿಗೆ ಕಾರ್ನ್‌ವಾಲ್‌ನ ಡ್ಯೂಕ್ ಪಟ್ಟ ಕಟ್ಟಿದ. ಅರ್ಲ್‌ಗಳೂ ಬ್ಯಾರನ್‌ಗಳೂ ಅಲ್ಲಿ ಮೊದಲೇ ಇದ್ದರು. ಡ್ಯೂಕ್ ಮಾತ್ರ ಕಡಲಾಚೆಯ ಪಟ್ಟ. ಇಂಗ್ಲೆಂಡಿನ ದೊರೆಗಳೇ ಫ್ರಾನ್ಸಿನ ನಾರ್ಮಂಡಿ, ಅಕ್ವಿಟೇನ್‌ಗಳ ಡ್ಯೂಕ್‌ಗಳಾಗಿ ಅದನ್ನು ಹೊತ್ತಿದ್ದರು. 1385ರಲ್ಲಿ ಮಾರ್ಕ್ವೆಸ್, 1440ರಲ್ಲಿ ವೈಕೌಂಟ್ ಸೇರಿ ಏಣಿಗೆ ಐದು ಮೆಟ್ಟಿಲಾದವು: ಕೆಳಗೆ ಬ್ಯಾರನ್, ಆಮೇಲೆ ವೈಕೌಂಟ್, ಅರ್ಲ್, ಮಾರ್ಕ್ವೆಸ್, ತುದಿಯಲ್ಲಿ ಡ್ಯೂಕ್.

ಪಟ್ಟ, ಆಸ್ತಿ ಎರಡೂ ಹಿರಿಮಗನಿಗೇ ಹೋಗುವುದು ವಾಡಿಕೆ. ಕಿರಿಯರು ಕಾನೂನಿನ ಕಣ್ಣಿಗೆ ಸಾಮಾನ್ಯ ಪ್ರಜೆಗಳು. ಸೈನ್ಯವೋ ಚರ್ಚೋ ವಕೀಲಿಯೋ ಹಿಡಿದು ಅವರು ತಮ್ಮ ದಾರಿ ನೋಡಿಕೊಳ್ಳಬೇಕು. ಯುರೋಪಿನ ಹಲವು ನಾಡುಗಳಲ್ಲಿ ಮಕ್ಕಳೆಲ್ಲರೂ ಕುಲೀನರೆನಿಸಿ ಸಂಖ್ಯೆ ಬೆಳೆದರೆ, ಇಂಗ್ಲೆಂಡಿನಲ್ಲಿ ಅದು ಕೈಬೆರಳೆಣಿಕೆಯ ಮನೆತನಗಳಲ್ಲೇ ನಿಂತಿತು. ಆಸ್ತಿ ಚೂರಾಗಲಿಲ್ಲ, ಮನೆತನಗಳ ತಾಕತ್ತು ಉಳಿದದ್ದೂ ಅದರಿಂದಲೇ.

ಅಷ್ಟು ತಾಕತ್ತಿದ್ದವರನ್ನು ಕಂಡರೆ ದೊರೆಗಳಿಗೂ ಅಳುಕು. 1572ರಲ್ಲಿ ರಾಜದ್ರೋಹದ ಆರೋಪದ ಮೇಲೆ ನಾರ್ಫೋಕ್‌ನ ಡ್ಯೂಕ್ ತಲೆ ಕಳೆದುಕೊಂಡ. ಆಮೇಲೆ ಐವತ್ತು ವರ್ಷ ಇಂಗ್ಲೆಂಡಿನಲ್ಲಿ ರಾಜಮನೆತನದ ಹೊರಗೆ ಡ್ಯೂಕೇ ಇರಲಿಲ್ಲ. 1623ರಲ್ಲಿ ಒಂದನೇ ಜೇಮ್ಸ್ ತನ್ನ ಅಚ್ಚುಮೆಚ್ಚಿನ ಜಾರ್ಜ್ ವಿಲಿಯರ್ಸ್‌ನನ್ನು ಬಕಿಂಗ್‌ಹ್ಯಾಮ್‌ನ ಡ್ಯೂಕ್ ಮಾಡಿದ. ಎರಡನೇ ಚಾರ್ಲ್ಸ್ ಅಂತೂ ತನ್ನ ಪ್ರೇಯಸಿಯರ ಮಕ್ಕಳಿಗೆ ಪಟ್ಟಗಳನ್ನು ಧಾರಾಳವಾಗಿ ಹಂಚಿದ. ನಾಟಕದ ನಟಿ ನೆಲ್ ಗ್ವಿನ್‌ಳ ಮಗ ಸೇಂಟ್ ಆಲ್ಬನ್ಸ್‌ನ ಡ್ಯೂಕ್ ಆದ. ಆ ಪಟ್ಟ ಇಂದಿಗೂ ನಡೆದುಬಂದಿದೆ. ದೊರೆಗೆ ಪಟ್ಟವೆಂದರೆ ಸಂಬಳ ಕೊಡುವ ಒಂದು ಬಗೆ, ಅದೂ ತನ್ನ ಬೊಕ್ಕಸದಿಂದ ಹೆಚ್ಚೇನೂ ತೆಗೆಯದೆ.

ಈ ಸಂಬಳದ ಲೆಕ್ಕ ನಮ್ಮ ಶ್ರೀರಂಗಪಟ್ಟಣದಲ್ಲೂ ನಡೆಯಿತು. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಗೆ ಮಾರ್ಕ್ವೆಸ್ ಪಟ್ಟ ಸಿಕ್ಕಿತು. ಆದರೆ ಅದು ಐರ್ಲೆಂಡಿನ ಶ್ರೇಣಿಯದು, ಮರ್ಯಾದೆಯಲ್ಲಿ ಒಂದು ಕೈ ಕಡಿಮೆ. ಗಿಲೀಟು ಹಚ್ಚಿದ ಆಲೂಗಡ್ಡೆ ಕೊಟ್ಟರೆಂದು ಆತ ಕುದಿದ. ಸೇನೆ ನಡೆಸಿದ ಜನರಲ್ ಹ್ಯಾರಿಸ್‌ಗೆ ಲೂಟಿಯ ಪಾಲಿನಿಂದ ಒಂದು ಲಕ್ಷ ಪೌಂಡ್‌ಗೂ ಮಿಕ್ಕಿ ಹಣ ಬಂತು. ಅದರಲ್ಲಿ ಕೆಂಟ್ ಸೀಮೆಯ ಬೆಲ್ಮಾಂಟ್ ಎಸ್ಟೇಟ್ ಕೊಂಡ. ಪಟ್ಟಕ್ಕೆ 1815ರವರೆಗೆ ಕಾದ. ಸಿಕ್ಕಿದ್ದು ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಪಟ್ಟ! ಆತನ ಮರಿಮಗ, ನಾಲ್ಕನೇ ಬ್ಯಾರನ್, ಮುಂಬೈ ಗವರ್ನರ್ ಆಗಿ ಬಂದ. 1988ರಲ್ಲಿ ತೆಂಡೂಲ್ಕರ್, ಕಾಂಬ್ಳಿ 664 ರನ್ ಜೊತೆಯಾಟ ಆಡಿದ ಶಾಲಾ ಕ್ರಿಕೆಟ್ ಪಂದ್ಯಾವಳಿ ಹ್ಯಾರಿಸ್ ಶೀಲ್ಡ್ ಇರುವುದು ಆತನ ಹೆಸರಿನಲ್ಲೇ.

ರಿಚರ್ಡನ ತಮ್ಮ ಆರ್ಥರ್ ವೆಲ್ಲೆಸ್ಲಿ ಆಗ ಬರೀ ಕರ್ನಲ್. ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾಳಿಗೆ ಹೋಗಿ ಕತ್ತಲಲ್ಲಿ ದಿಕ್ಕುಗೆಟ್ಟು ಹಿಂದಿರುಗಿದವನು. ಕೋಟೆ ಬಿದ್ದ ಮೇಲೆ ಅದರ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ. ಹಿರಿಮಗನಲ್ಲದ್ದರಿಂದ ಮನೆತನದ ಪಟ್ಟ ಇವನ ಪಾಲಿಗಿಲ್ಲ. ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಸೇನೆಗಳನ್ನು ಸೋಲಿಸುತ್ತ 1809ರಲ್ಲಿ ವೈಕೌಂಟ್, 1812ರಲ್ಲಿ ಮೊದಲು ಅರ್ಲ್, ಆಮೇಲೆ ಮಾರ್ಕ್ವೆಸ್, 1814ರಲ್ಲಿ ವೆಲ್ಲಿಂಗ್ಟನ್‌ನ ಡ್ಯೂಕ್ ಆದ. ಯುದ್ಧದ ಗಡಿಬಿಡಿಯಲ್ಲಿ, ಪಟ್ಟವಂತರು ಕೂರುವ ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಗೆ ಕಾಲಿಡಲು ಪುರುಸೊತ್ತೇ ಇರಲಿಲ್ಲ. 1814ರ ಜೂನ್‌ನಲ್ಲಿ ಮೊದಲ ಸಲ ಹೋದಾಗ ಬ್ಯಾರನ್‌ನಿಂದ ಡ್ಯೂಕ್‌ವರೆಗಿನ ಸನ್ನದುಗಳನ್ನೆಲ್ಲ ಒಂದೇ ದಿನ ಸಾಲಾಗಿ ಓದಬೇಕಾಯಿತು.

ವಾಟರ್‌ಲೂ ಗೆಲುವಿನ ನಂತರ ಪಾರ್ಲಿಮೆಂಟು ಕೊಟ್ಟ ಹಣದಲ್ಲಿ 1817ರಲ್ಲಿ ಆತನಿಗೆ ಸ್ಟ್ರ್ಯಾಟ್‌ಫೀಲ್ಡ್ ಸೇ ಎಸ್ಟೇಟ್ ಬಂತು. ಅದಕ್ಕೆ ಗೇಣಿ ಒಂದು ಬಾವುಟ! ವರ್ಷಕ್ಕೊಮ್ಮೆ, ಜೂನ್ 18ರ ಯುದ್ಧದ ದಿನಕ್ಕೆ, ರೇಷ್ಮೆಯ ಪುಟ್ಟ ಫ್ರೆಂಚ್ ತ್ರಿವರ್ಣವನ್ನು ವಿಂಡ್ಸರ್ ಅರಮನೆಗೆ ಒಪ್ಪಿಸಬೇಕು. ಬ್ಲೆನ್‌ಹೈಮ್ ಅರಮನೆಯ ಮಾರ್ಲ್‌ಬರೋ ಡ್ಯೂಕ್‌ಗೂ ಇಂಥದೇ ಗೇಣಿ, ಗಡುವು ಆಗಸ್ಟ್ 13. ಆ ಬಾವುಟದ ಮೇಲೆ ಫ್ರಾನ್ಸಿನ ಹಳೆಯ ಅರಸರ ಲಿಲ್ಲಿ ಹೂವಿನ ಚಿಹ್ನೆ ಇರುತ್ತದೆ. ಸೋತ ನಾಡಿನ ಬಾವುಟವನ್ನೇ ಬಾಡಿಗೆಯಾಗಿ ಪಡೆಯುವ ಈ ಏರ್ಪಾಟಿನಲ್ಲಿ ಕುಚೋದ್ಯ ಎಷ್ಟು, ಗತ್ತು ಎಷ್ಟು ಎಂದು ಹೇಳುವುದು ಕಷ್ಟ. ಇದೇ ಮಾರ್ಲ್‌ಬರೋ ಮನೆತನದ ವಿನ್‌ಸ್ಟನ್ ಚರ್ಚಿಲ್‌ಗೆ 1955ರಲ್ಲಿ ಡ್ಯೂಕ್ ಪಟ್ಟದ ಮಾತು ಬಂದಾಗ ಆತ ಬೇಡವೆಂದ. ಚುನಾಯಿತರ ಕಾಮನ್ಸ್ ಸಭೆಯಲ್ಲೇ ಉಳಿದ.

ಅಷ್ಟರಲ್ಲಿ ಪಟ್ಟದ ಬೆಲೆಯೂ ಇಳಿದಿತ್ತು. ಕಾಮನ್ಸ್ ಒಪ್ಪಿದ ಮಸೂದೆಗಳನ್ನು ಶಾಶ್ವತವಾಗಿ ತಡೆಯುವ ಅಧಿಕಾರ 1911ರ ಕಾಯಿದೆಯಿಂದ ಲಾರ್ಡ್ಸ್ ಸಭೆಯ ಕೈತಪ್ಪಿತ್ತು. 1958ರಲ್ಲಿ ಒಬ್ಬರ ಆಯುಷ್ಯಕ್ಕಷ್ಟೇ ಸೀಮಿತವಾದ ಪಟ್ಟಗಳು ಬಂದವು. 1999ರ ಕಾಯಿದೆ ವಂಶಪಾರಂಪರ್ಯದ ಸದಸ್ಯರಲ್ಲಿ 92 ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿತು.

ಆಸ್ತಿಯ ಕಥೆ ಬೇರೆ. 1874ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ಪಟ್ಟ ಪಡೆದ ಗ್ರೋವ್ನರ್ ಮನೆತನಕ್ಕೆ ಲಂಡನ್ನಿನ ಮೇಫೇರ್, ಬೆಲ್ಗ್ರೇವಿಯಾ ನೆಲ ಬಂದದ್ದು 1677ರ ಒಂದು ಮದುವೆಯಿಂದ. ಅಲ್ಲಿ ಕೋಟಿಗಟ್ಟಲೆ ಸುರಿದು ಮನೆ ಕೊಂಡವರಲ್ಲಿ ಎಷ್ಟೋ ಮಂದಿಗೆ ಸಿಗುವುದು ಇಂತಿಷ್ಟು ವರ್ಷದ ಗುತ್ತಿಗೆಯಷ್ಟೇ. ಅಡಿಯ ನೆಲ ಇಂದಿಗೂ ಆ ಮನೆತನದ ಎಸ್ಟೇಟಿನದು.