ಪರದೇಶದಲ್ಲಿ ಸೇವೆ, ಊರ ಗಾಡಿಯಲ್ಲಿ ಪ್ರಯಾಣ

ಸೇವೆಯ ನಿಮಿತ್ತ ಪರದೇಶಕ್ಕೆ ಹೊರಡುವ ತರುಣರು ಈಗ ನಮ್ಮ ಮನೆತನಗಳಲ್ಲಿಯೂ ಇದ್ದಾರೆ. ಜೈಪುರದ ಕೃತಕ ಕಾಲು ಜೋಡಿಸುವ ಶಿಬಿರಗಳು ಆಫ್ರಿಕಾದ ಕೆನ್ಯಾದಲ್ಲಿಯೂ ನಡೆದಿವೆ. ಇಂಥ ಕೆಲಸಕ್ಕೆ ಹೋಗುವವರು ಬಟ್ಟೆ, ಔಷಧ, ಊಟದ ವಿಚಾರ ಮಾಡುತ್ತಾರೆ. ಅಲ್ಲಿ ದಿನಾಲು ಓಡಾಡುವುದನ್ನು ಮಾತ್ರ ಕರೆಸಿಕೊಂಡವರ ಮೋಟಾರಿನ ಮೇಲೆ ಬಿಡುತ್ತಾರೆ. ಆ ಖರ್ಚೂ ದಾನದ ಹಣದಿಂದಲೇ ಹೋಗುತ್ತದೆಂಬುದನ್ನು ವ್ಯಾಪಾರಸ್ಥರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆನ್ಯಾದ ರಾಜಧಾನಿ ನೈರೋಬಿಯನ್ನೇ ನೋಡೋಣ. ಅಲ್ಲಿ ಜನಸಾಮಾನ್ಯರ ವಾಹನ ಮಟಾಟು. 14 ಸೀಟಿನ ವ್ಯಾನುಗಳೂ ಉಂಟು, ದೊಡ್ಡ ಮಿನಿಬಸ್ಸುಗಳೂ ಉಂಟು. ಸ್ವಾಹಿಲಿ ಭಾಷೆಯಲ್ಲಿ ಟಾಟು ಎಂದರೆ ಮೂರು. ಹಿಂದೆ ಹತ್ತು ಸೆಂಟಿನ ಮೂರು ನಾಣ್ಯಗಳು ಅದರ ಬಾಡಿಗೆಯಾಗಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. 2004ರಲ್ಲಿ ಸರಕಾರವು ಇವಕ್ಕೆ ಸೀಟಿನ ಬೆಲ್ಟು, ಗಂಟೆಗೆ 80 ಕಿ.ಮೀ. ವೇಗದ ಮಿತಿ ಮುಂತಾದ ಕಟ್ಟುನಿಟ್ಟು ತಂದಿತು.

ಮಟಾಟುವಿನ ನಡೆ ತಿಳಿಯಬೇಕಾದರೆ ಅದರ ಲೆಕ್ಕ ತಿಳಿಯಬೇಕು. ಸಾಮಾನ್ಯವಾಗಿ ಡ್ರೈವರ್ ಮತ್ತು ಕಂಡಕ್ಟರ್ ದಿನಕ್ಕೆ ಇಂತಿಷ್ಟು ಎಂದು ಮಾಲೀಕನಿಗೆ ಕಟ್ಟಬೇಕು. ಇಂಧನದ ಖರ್ಚು ಕಳೆದು ಉಳಿದದ್ದು ಅವರದು. ಆದಕಾರಣ ಗಾಡಿ ತುಂಬುವವರೆಗೆ ಹೊರಡುವುದಿಲ್ಲ, ಹೊರಟ ಮೇಲೆ ನಿಧಾನ ಮಾಡುವುದಿಲ್ಲ. ಮಳೆ ಬಂದರೆ, ಸಂಜೆ ಜನ ಹೆಚ್ಚಿದರೆ, ಬಾಡಿಗೆಯೂ ಏರುತ್ತದೆ. ಸ್ವಾಹಿಲಿಯಲ್ಲಿ ಲೆಕ್ಕಕ್ಕೆ ಹೆಸಾಬು, ಅಂಗಡಿಗೆ ದುಕಾ, ವಾಹನಕ್ಕೆ ಗಾರಿ ಎನ್ನುತ್ತಾರೆ. ಹಿಸೇಬು, ದುಕಾನು, ಗಾಡಿ ಎನ್ನುವ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಈ ಮಾತುಗಳು ಪರಕೀಯವೆನಿಸಲಾರವು.

ಹೊಸಬರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಅಂದಿನ ಬಾಡಿಗೆಯನ್ನು ಸ್ಥಳೀಯರಲ್ಲಿ ವಿಚಾರಿಸಿಯೇ ಹತ್ತಬೇಕು. ಚಿಲ್ಲರೆ ಕೈಯಲ್ಲಿರಲಿ, ಪಾಸ್‌ಪೋರ್ಟು ಮತ್ತು ದೊಡ್ಡ ನೋಟು ಒಳಗಿರಲಿ. ಫೋನನ್ನು ಕಿಟಕಿಯ ಬಳಿ ಹಿಡಿಯಬಾರದು. ಬೋಡಾ ಬೋಡಾ ಎಂಬ ಬಾಡಿಗೆ ಮೋಟಾರ್‌ಸೈಕಲ್ಲುಗಳು ಓಣಿ ಓಣಿಗೂ ಹೋಗುತ್ತವೆ. ಹಿಂದೆ ಕೂಡುವವನಿಗೂ ಹೆಲ್ಮೆಟ್ ಕೊಡದವನ ಗಾಡಿ ಹತ್ತಲೇಬಾರದು. ನೈರೋಬಿ ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ವರ್ಷವಿಡೀ ಸುಮಾರು ಆರೂವರೆಗೆ ಹೊತ್ತು ಮುಳುಗಿ ಬೇಗನೆ ಕತ್ತಲಾಗುತ್ತದೆ. ರಸ್ತೆಗಳು ಕಿಕ್ಕಿರಿಯುವುದೂ ಅದೇ ವೇಳೆಗೆ. ಹಗಲಿದ್ದಾಗಲೇ ಊಟ ಮುಗಿಸುವ ನಮ್ಮವರು ನಾಲ್ಕಕ್ಕೇ ಹೊರಡುವುದು ಲೇಸು. ಕತ್ತಲಾದ ಮೇಲೆ ಗುರುತಿನ ಟ್ಯಾಕ್ಸಿಯೇ ಸರಿ. ಅಲ್ಲಿ ಉಳಿತಾಯ ನೋಡಬಾರದು.

ಹಣಕ್ಕಿಂತ ದೊಡ್ಡ ಮಾತೊಂದಿದೆ. ಶಿಬಿರಕ್ಕೆ ಬರುವ ಬಡ ರೋಗಿಗೂ ಇದೇ ಗಾಡಿಗಳೇ ಗತಿ. ಒಂದೇ ಕಾಲಿನವನು ಊರುಗೋಲು ಹಿಡಿದು ಆ ಎತ್ತರದ ಮೆಟ್ಟಿಲು ಹತ್ತಬೇಕು, ಗಾಡಿ ತುಂಬುವವರೆಗೆ ಕಾಯಬೇಕು. ಮೋಟಾರಿನಲ್ಲಿ ಬಂದಿಳಿದ ಸ್ವಯಂಸೇವಕನು ಅವನಿಗೆ "ತಡವಾಯಿತು, ನಾಳೆ ಬಾ" ಎಂದು ಸುಲಭವಾಗಿ ಹೇಳಿಬಿಡುತ್ತಾನೆ. ಆ ಒಂದು ಮಾತಿನಿಂದ ಬಡವನಿಗೆ ಮತ್ತೊಮ್ಮೆ ಹೋಗಿಬರುವ ಬಾಡಿಗೆ, ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಎಂಟು ದಿನ ಮಟಾಟುವಿನಲ್ಲಿ ಓಡಾಡಿದವನಿಗೆ ಇದು ಹೇಳದೆಯೇ ತಿಳಿಯುತ್ತದೆ. ಅವನು ದೂರದಿಂದ ಬಂದವರ ಚೀಟಿಯನ್ನು ಮೊದಲು ತೆಗೆದುಕೊಳ್ಳುತ್ತಾನೆ, ಕತ್ತಲಾಗುವ ಮುನ್ನ ಅವರನ್ನು ಕಳಿಸಿಕೊಡುತ್ತಾನೆ.

ಮಕ್ಕಳನ್ನು ಸೇವೆಗೆ ಕಳಿಸುವ ತಂದೆತಾಯಿಗಳು ಟಿಕೆಟ್ಟು, ವೀಸಾದ ಜೊತೆಗೆ ಈ ತಿಳಿವಳಿಕೆಯನ್ನೂ ಕೊಟ್ಟು ಕಳಿಸಬೇಕೆಂದು ನನ್ನ ವಿನಂತಿ.